ಎಲೆ ಧಾರಾಳ, ಹೂವು ಮಾತ್ರ ಇಲ್ಲ: ಹೆಲಿಕೋನಿಯ ಬೆಳೆಸಿದವರು ಸ್ವಲ್ಪ ಹೇಳಿ

ಪೆರ್ಲದ ಅಂಗಳ
ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ. ಬಚ್ಚಲುಮನೆಯ ಹಿಂದೆ ರೋಸ್ಟ್ರಾಟ ಜಾತಿಯ ಹೆಲಿಕೋನಿಯ ಇದೆ. ಅದೇ, ಕೆಂಪು-ಹಳದಿ ಗೊನೆ ಕೆಳಗೆ ಜೋತು ಬೀಳುತ್ತದಲ್ಲ, ಅದು. ಪುತ್ತೂರಿನ ತಂಗಿಯ ಮನೆಯಿಂದ ಗೆಡ್ಡೆ ತಂದು ನೆಟ್ಟದ್ದು. ಅವಳಲ್ಲಿ ಗೇಟಿನಿಂದ ಬಾವಿಕಟ್ಟೆವರೆಗೂ ಗೊನೆ ನೇತಾಡುತ್ತಿರುತ್ತದೆ. ನಮ್ಮಲ್ಲಿ ಗಿಡ ಚೆನ್ನಾಗಿ ಎದ್ದಿದೆ, ಬುಡದಲ್ಲಿ ಕಂದು (ಮರಿಗಿಡ) ಬೇಕಾದಷ್ಟು ಒಡೆದಿದೆ, ಹೂವು ಮಾತ್ರ ಇಲ್ಲ. ಈಗ ಹೊಸದಾಗಿ ಬರುವ ಎಲೆಗಳು ಹಳದಿ ಬೇರೆ. ನರಗಳು ಹಸಿರಾಗೇ ಇವೆ, ನಡುವಿನ ಜಾಗ ಮಾತ್ರ ಬಿಳಿಚಿಕೊಂಡಿದೆ.

ನೀರಿಗೇನೂ ತೊಂದರೆ ಇಲ್ಲ, ಬಚ್ಚಲ ನೀರು ದಿನಾ ಅಲ್ಲಿಗೇ ಹೋಗುತ್ತದೆ. ಬಟ್ಟೆ ಒಗೆಯುವ ಕಲ್ಲೂ ಅಲ್ಲೇ. ಹಟ್ಟಿಗೊಬ್ಬರ ಹಾಕಿದ್ದೇನೆ. ಒಲೆಯ ಬೂದಿಯನ್ನೂ ಬುಡಕ್ಕೇ ಹಾಕುತ್ತೇವೆ. "ಹೂ ಬಿಡದ ಗಿಡ ಯಾಕೆ, ಕಿತ್ತು ಹಾಕಿ ಎರಡು ಕದಳಿ ನೆಡು" ಅಂತ ಅತ್ತೆ ದಿನಾ ಹೇಳುತ್ತಾರೆ. ಕೀಳುವ ಮೊದಲು ನಿಮ್ಮನ್ನು ಕೇಳೋಣ ಅನಿಸಿತು.

ಬಾಯಾರು ಭಟ್ಟ
ನೆರಳು ಜಾಸ್ತಿ ಆಗಿರಬೇಕು. ಅಡಿಕೆ ಮರದ ಅಡಿಯಲ್ಲಿ ನೆಟ್ಟರೆ ಬರೀ ಎಲೆಯೇ. ನಮ್ಮಲ್ಲೂ ಹಾಗೇ ಆಗಿತ್ತು. ಬಿಸಿಲು ಬೀಳುವ ಬದಿಗೆ ಹಾಕಿದ ಮೇಲೆ ಹೂ ಬಂತು.

ಪೆರ್ಲದ ಅಂಗಳ
ಇಲ್ಲ ಭಟ್ರೇ, ಅಲ್ಲಿ ಮರವೇ ಇಲ್ಲ. ಬೆಳಗ್ಗಿನಿಂದ ಮಧ್ಯಾಹ್ನದವರೆಗೆ ಒಳ್ಳೆ ಬಿಸಿಲು.

ನೀರ್ಚಾಲು ಅಕ್ಕ
ಎಲೆ ಹಳದಿ ಅಂದರೆ ಗೊಬ್ಬರ ಸಾಲದು. ಒಂದು ಮುಷ್ಟಿ ಯೂರಿಯ ಬಿಸಾಡಿ, ಹತ್ತು ದಿನದಲ್ಲಿ ಕಪ್ಪು ಹಸಿರಾಗುತ್ತದೆ.

ಮುಳ್ಳೇರಿಯ ಮಾಷ್ಟ್ರು
ಅಕ್ಕ, ಸ್ವಲ್ಪ ತಡೆಯಿರಿ. ಹಳದಿ ಆಗಿರುವುದು ಯಾವ ಎಲೆ ಅಂತ ಮೊದಲು ನೋಡಬೇಕು. ಸಾರಜನಕ ಸಾಲದಿದ್ದರೆ ಕೆಳಗಿನ ಹಳೇ ಎಲೆ ಮೊದಲು ಹಳದಿಯಾಗುತ್ತದೆ, ಅದೂ ಪೂರ್ತಿ ಎಲೆ. ಪೊಟ್ಯಾಷ್ ಸಾಲದಿದ್ದರೆ ಹಳೇ ಎಲೆಯ ಅಂಚು ಸುಟ್ಟ ಹಾಗೆ ಕಾಣುತ್ತದೆ. ಮೆಗ್ನೀಸಿಯಂ ಕೊರತೆಯೂ ಹಳೇ ಎಲೆಯಲ್ಲೇ ಶುರು. ಇವರು ಹೇಳುತ್ತಿರುವುದು ಹೊಸ ಎಲೆ, ನರ ಹಸಿರು, ನಡುವೆ ಹಳದಿ. ಅದು ಕಬ್ಬಿಣದ ಕೊರತೆಯ ಲಕ್ಷಣ. ಈ ಗಿಡಕ್ಕೆ ಯೂರಿಯ ಕೊಟ್ಟರೆ ಎಲೆ ಇನ್ನೂ ಉದ್ದವಾಗಬಹುದು, ಹಳದಿ ಹೋಗುವುದಿಲ್ಲ.

ಬಾಯಾರು ಭಟ್ಟ
ಮಾಷ್ಟ್ರೇ, ನಮ್ಮ ಮುರಕಲ್ಲಿನ ಮಣ್ಣಿನಲ್ಲಿ ಕಬ್ಬಿಣಕ್ಕೆ ಬರಗಾಲವಾ? ಮಣ್ಣು ಕೆಂಪಗಿರುವುದೇ ಕಬ್ಬಿಣದಿಂದ ಅಂತ ಶಾಲೆಯಲ್ಲಿ ನಮಗೆ ಕಲಿಸಿದ್ದು ನಿಮ್ಮಂಥವರೇ ಅಲ್ವಾ 😄

ಸುಮ್ನೆ ಓದುವವ
ಭಟ್ರು ಒಂದು, ಮಾಷ್ಟ್ರು ಸೊನ್ನೆ.

ಮುಳ್ಳೇರಿಯ ಮಾಷ್ಟ್ರು
ಕಲಿಸಿದ್ದು ಸರಿಯೇ. ಆದರೆ ಮಣ್ಣಿನಲ್ಲಿ ಇರುವುದು ಬೇರೆ, ಬೇರಿಗೆ ಸಿಗುವುದು ಬೇರೆ. ನಮ್ಮ ಮಣ್ಣು ಹುಳಿ, ಪಿಎಚ್ (ಹುಳಿ-ಕ್ಷಾರದ ಅಳತೆ, 7ಕ್ಕಿಂತ ಕೆಳಗೆ ಹುಳಿ) 5ರ ಆಸುಪಾಸು. ಹುಳಿ ಮಣ್ಣಿನಲ್ಲಿ ಕಬ್ಬಿಣ ಕರಗಿದ ರೂಪದಲ್ಲಿರುತ್ತದೆ, ಬೇರು ಹೀರಿಕೊಳ್ಳುತ್ತದೆ. ಪಿಎಚ್ 7 ದಾಟಿತು ಅಂದರೆ ಅದೇ ಕಬ್ಬಿಣ ಕರಗದೆ ಕೂತುಬಿಡುತ್ತದೆ. ಹೆಲಿಕೋನಿಯಕ್ಕೆ ಸ್ವಲ್ಪ ಹುಳಿ ಮಣ್ಣೇ ಇಷ್ಟ.

ಪೆರ್ಲದ ಅಕ್ಕ ಏನು ಬರೆದಿದ್ದಾರೆ ನೋಡಿ. ದಿನಾ ಒಲೆಯ ಬೂದಿ. ದಿನಾ ಬಟ್ಟೆ ಒಗೆದ ಸೋಪಿನ ನೀರು. ಎರಡೂ ಕ್ಷಾರ. ಇಡೀ ತೋಟದ ಮಣ್ಣು ಹುಳಿಯಾಗಿದ್ದರೂ ಆ ಒಂದು ಬುಡದ ಮಣ್ಣು ಬೇರೆಯೇ ಆಗಿರುತ್ತದೆ.

ಬಾಯಾರು ಭಟ್ಟ
ಒಪ್ಪುವುದಿಲ್ಲ. ನಮ್ಮಲ್ಲಿ ವರ್ಷಕ್ಕೆ 3,500 ಮಿಲಿಮೀಟರ್ ಮಳೆ ಸುರಿಯುತ್ತದೆ. ಬೂದಿಗೀದಿ ಎಲ್ಲ ತೊಳೆದು ಹೊಳೆಗೆ ಹೋಗಿರುತ್ತದೆ. ನನ್ನ ಅಜ್ಜ ಬಾಳೆಗೆ ಬೂದಿ ಹಾಕಿಯೇ ಗೊನೆ ಕಡಿದವರು.

ಮುಳ್ಳೇರಿಯ ಮಾಷ್ಟ್ರು
ಅಜ್ಜ ವರ್ಷಕ್ಕೊಮ್ಮೆ, ಎರಡು ಸಲ ಹಾಕಿರುತ್ತಾರೆ. ಅದರಲ್ಲಿ ಪೊಟ್ಯಾಷ್ ಇದೆ, ಒಳ್ಳೆಯದೇ. ನಾನು ಹೇಳುತ್ತಿರುವುದು ವರ್ಷವಿಡೀ ಒಂದೇ ಬುಡಕ್ಕೆ ಸುರಿಯುವುದರ ಬಗ್ಗೆ. ಮಳೆಯೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜೋರು, ಮತ್ತೆ ತುಲಾಮಾಸದಲ್ಲಿ (ಅಕ್ಟೋಬರ್-ನವೆಂಬರ್) ನಾಲ್ಕು ಗುಡುಗು. ಡಿಸೆಂಬರ್‌ನಿಂದ ಮೇ ತನಕ ಆ ಬುಡಕ್ಕೆ ಹೋಗುವುದು ಸೋಪಿನ ನೀರು ಮಾತ್ರ. ಆ ಜಾಗದ ಮೇಲೆ ಮಾಡಿನ ಇಳಿಕಲು ಇದ್ದರಂತೂ ಮಳೆಯೂ ಸರಿಯಾಗಿ ಬೀಳುವುದಿಲ್ಲ.

ವಾದ ಯಾಕೆ, ಮಣ್ಣು ಪರೀಕ್ಷೆ ಮಾಡಿಸಿದರೆ ಮುಗಿಯಿತು. ಕೃಷಿಭವನದಲ್ಲಿ ಕೇಳಿದರೆ ದಾರಿ ಹೇಳುತ್ತಾರೆ. ಸಿಪಿಸಿಆರ್‌ಐ (ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ) ಇರುವುದು ಇಲ್ಲೇ ಕಾಸರಗೋಡಿನ ಕುಡ್ಲಿನಲ್ಲಿ, ಅವರದ್ದೇ ಕೃಷಿ ವಿಜ್ಞಾನ ಕೇಂದ್ರವೂ ಇದೆ. 1916ರಲ್ಲಿ ತೆಂಗಿಗೆಂದು ಶುರುವಾದ ಜಾಗ, ನಾವು ಅಡಿಕೆ, ತೆಂಗಿಗೆ ಬಿಟ್ಟರೆ ಆ ಕಡೆ ತಲೆ ಹಾಕುವುದಿಲ್ಲ.

ಅಕ್ಕಲಕೋಟೆಯಿಂದ
ನಾನು ಸೋಲಾಪುರ ಜಿಲ್ಲೆಯವ. ಮಾಷ್ಟ್ರು ಹೇಳಿದ್ದು ನೂರಕ್ಕೆ ನೂರು ಖರೆ. ನಮ್ಮದು ಎರೆಮಣ್ಣು, ಸುಣ್ಣದ ಅಂಶ ಜಾಸ್ತಿ. ಇಲ್ಲಿ ನೆಲಕ್ಕೆ ಹಾಕಿದ ಹೆಲಿಕೋನಿಯ ಎಲ್ಲಾ ಹೀಗೇ ಹಳದಿ. ಬೋರ್ ನೀರೂ ಗಡಸು. ಕೊನೆಗೆ ದೊಡ್ಡ ಡ್ರಮ್ ಅರ್ಧ ಕತ್ತರಿಸಿ, ಕೆಂಪು ಮಣ್ಣು, ಎಲೆಗೊಬ್ಬರ, ತೆಂಗಿನ ನಾರಿನ ಪುಡಿ ತುಂಬಿ ಅದರಲ್ಲಿ ಹಾಕಿದೆ. ಈಗ ಹಸಿರಾಗಿದೆ. ಬೇಸಿಗೆಯಲ್ಲಿ 42 ಡಿಗ್ರಿ ಬಿಸಿಗಾಳಿಗೆ ಎಲೆ ಸೀಳಿ ಒಣಗುತ್ತದೆ, ಅದಕ್ಕೆ ಮಾತ್ರ ಇನ್ನೂ ಉಪಾಯ ಸಿಕ್ಕಿಲ್ಲ. ನಿಮ್ಮ ಕಡೆಯವರು ಪುಣ್ಯವಂತರು ಬಿಡ್ರಿ, ಅಂಥಾ ಮಣ್ಣು ಇಟ್ಟುಕೊಂಡು ಬೂದಿ ಸುರೀತೀರಿ!

ನೀರ್ಚಾಲು ಅಕ್ಕ
ಹಾಗಾದರೆ ಈಗ ಏನು ಮಾಡಬೇಕು ಹೇಳಿ ಮಾಷ್ಟ್ರೇ. ಬಚ್ಚಲ ನೀರು ಬೇರೆ ಎಲ್ಲಿಗೆ ಬಿಡುವುದು? ನಮ್ಮಲ್ಲೂ ಅದೇ ಕತೆ, ಹಿಂದಿನ ಕಾಲದಿಂದ ಬಚ್ಚಲ ಹಿಂದೆ ಬಾಳೆಯೇ.

ಮುಳ್ಳೇರಿಯ ಮಾಷ್ಟ್ರು
ಸ್ನಾನದ ನೀರು ಹೋಗಲಿ, ತೊಂದರೆ ಇಲ್ಲ. ಬಟ್ಟೆಯ ಸೋಪಿನ ನೀರನ್ನು ಒಂದು ತೋಡು ಮಾಡಿ ತೆಂಗಿನ ಕಡೆಗೆ ತಿರುಗಿಸಿ, ಒಂದೇ ಮರಕ್ಕೆ ಅಲ್ಲ. ಬೂದಿ ನಿಲ್ಲಿಸಿ. ಬುಡಕ್ಕೆ ಒಣ ತರಗೆಲೆ, ಸೊಪ್ಪು ದಪ್ಪಗೆ ಹಾಕಿ. ತಕ್ಷಣಕ್ಕೆ ಬೇಕಾದರೆ ಅನ್ನಭೇದಿ (ಕಬ್ಬಿಣದ ಸಲ್ಫೇಟ್) ಸಿಗುತ್ತದೆ, ಲೀಟರ್ ನೀರಿಗೆ 5 ಗ್ರಾಂ ಕರಗಿಸಿ, ಸ್ವಲ್ಪ ಲಿಂಬೆ ರಸ ಹಿಂಡಿ, ಸಂಜೆ ಹೊತ್ತು ಎಲೆಗೆ ಸಿಂಪಡಿಸಿ. ಕರಗಿಸಿದ ದಿನವೇ ಬಳಸಬೇಕು, ಇಟ್ಟರೆ ತುಕ್ಕು ಬಣ್ಣಕ್ಕೆ ತಿರುಗಿ ದಂಡ. ಗೋಡೆಗೆ, ಬಟ್ಟೆಗೆ ತಾಗಿಸಬೇಡಿ, ಕಲೆ ಹೋಗುವುದಿಲ್ಲ.

ಅಡ್ಯನಡ್ಕ ಗಿಡಪ್ರೇಮಿ
ಹಳದಿಯ ಕತೆ ಆಯಿತು. ಹೂವು ಯಾಕೆ ಬರಲಿಲ್ಲ ಅನ್ನುವುದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ಕಬ್ಬಿಣ ಕಮ್ಮಿಯಾದರೆ ಹೂ ಸಣ್ಣದಾಗಬಹುದು, ಇಷ್ಟು ದೊಡ್ಡ ಹಿಂಡಿನಲ್ಲಿ ಒಂದೂ ಬಾರದಿರುವುದು ಬೇರೆ ವಿಷಯ.

ಪೆರ್ಲದ ಅಕ್ಕ, ಒಂದು ಪ್ರಶ್ನೆ. ನಿಮ್ಮಲ್ಲಿ ಹುಲ್ಲು ಹೊಡೆಯುವ ಮಿಷನ್ ಬರುತ್ತದಾ? ಬಂದರೆ ಆ ಹಿಂಡಿಗೆ ಏನು ಮಾಡುತ್ತಾರೆ?

ಪೆರ್ಲದ ಅಂಗಳ
ಬರುತ್ತದೆ. ಮಳೆ ನಿಂತ ಮೇಲೆ ಅಡಿಕೆ ಕೊಯ್ಲಿಗೆ ಮೊದಲು ಕಾಡು ಸವರಿಸುತ್ತೇವೆ. ಅಡಿಕೆ ಹೆಕ್ಕಬೇಕಲ್ಲ. ಹೆಲಿಕೋನಿಯ ತೋಟಕ್ಕೆ ಹೋಗುವ ದಾರಿಗೆ ಬಾಗಿರುತ್ತದೆ ಅಂತ ಅದನ್ನೂ ಬುಡಕ್ಕೆ ಹೊಡೆದು ಹೋಗುತ್ತಾರೆ. ಮಾವನೇ ಹಾಗೆ ಹೇಳಿಟ್ಟಿದ್ದಾರೆ. ಮತ್ತೆ ಎರಡು ತಿಂಗಳಲ್ಲಿ ಮೊದಲಿಗಿಂತ ಜೋರಾಗಿ ಚಿಗುರುತ್ತದೆ.

ಅಡ್ಯನಡ್ಕ ಗಿಡಪ್ರೇಮಿ
ಸಿಕ್ಕಿತು. ಕಳ್ಳ ಮಿಷನ್!

ಈ ಗಿಡದ ಕ್ರಮ ಬಾಳೆಯದ್ದೇ. ನೆಲದೊಳಗೆ ಗೆಡ್ಡೆ, ಮೇಲೆ ಕಾಣುವ ದಂಟು ಎಲೆಯ ಬುಡಗಳು ಒಂದರೊಳಗೊಂದು ಸುತ್ತಿ ಆದದ್ದು. ಒಂದು ದಂಟಿಗೆ ಸಾಕಷ್ಟು ಎಲೆ ಬಂದು ಬಲಿತ ಮೇಲೆಯೇ ನಡುವಿನಿಂದ ಗೊನೆ ಹೊರಡುತ್ತದೆ, ಅದೂ ಒಂದೇ ಸಲ. ನೀವು ಅಕ್ಟೋಬರ್‌ನಲ್ಲಿ ಎಲ್ಲವನ್ನೂ ಬುಡಕ್ಕೆ ಹೊಡೆದರೆ, ಬೇಸಿಗೆಗೆ ಹೂ ಬಿಡಬೇಕಾದ ದಂಟು ಯಾವುದೂ ಉಳಿಯುವುದಿಲ್ಲ. ಆಮೇಲೆ ಬರುವುದೆಲ್ಲ ಎಳೇ ಕಂದು. ಅದು ಬಲಿಯುವ ಹೊತ್ತಿಗೆ ಮತ್ತೆ ಮಿಷನ್. ನಿಮ್ಮ ತಂಗಿಯಲ್ಲಿ ಹೂ ಬರುವುದಕ್ಕೂ ನಿಮ್ಮಲ್ಲಿ ಬಾರದಿರುವುದಕ್ಕೂ ವ್ಯತ್ಯಾಸ ಇಷ್ಟೇ ಅಂತ ನನ್ನ ಲೆಕ್ಕ.

ಹೂ ಬಿಟ್ಟು ಒಣಗಿದ ದಂಟನ್ನು ಮಾತ್ರ ಬುಡಕ್ಕೆ ಕಡಿಯಬೇಕು. ಅದು ಇನ್ನು ಹೂ ಕೊಡುವುದಿಲ್ಲ, ಸುಮ್ನೆ ಜಾಗ ತಿನ್ನುತ್ತದೆ. ಗುರುತಿಸುವುದು ಸುಲಭ. ಹೂ ಆದ ದಂಟಿನ ತುದಿಯಲ್ಲಿ ಒಣಗಿದ ಗೊನೆಯ ಕಡ್ಡಿ ಇರುತ್ತದೆ, ಹೊಸ ಎಲೆಯ ಸುರುಳಿ ಇರುವುದಿಲ್ಲ. ಸುರುಳಿ ಇದೆ ಅಂದರೆ ಅದಕ್ಕಿನ್ನೂ ಹೂ ಬಾಕಿ ಇದೆ, ಮುಟ್ಟಬೇಡಿ.

ಬಾಯಾರು ಭಟ್ಟ
ಇದು ಸರಿ. ಇದಕ್ಕೆ ನನ್ನ ತಕರಾರಿಲ್ಲ.

ಸುಮ್ನೆ ಓದುವವ
ಭಟ್ರು ಒಪ್ಪಿದರು ಅಂದರೆ ಇವತ್ತು ಮಳೆ ಗ್ಯಾರಂಟಿ.

ಪೆರ್ಲದ ಅಂಗಳ
ಈಗಲೇ ಹೋಗಿ ನೋಡಿದೆ. ಎಲ್ಲದರ ತುದಿಯಲ್ಲೂ ಸುರುಳಿ ಇದೆ. ಒಣಗಿದ ಕಡ್ಡಿ ಒಂದರಲ್ಲೂ ಇಲ್ಲ. ಮಾವನಿಗೆ ಹೇಳಿದರೆ, "ದಾರಿಗೆ ಬಾಗಿದರೆ ಮತ್ತೇನು ಮಾಡುವುದು, ಬೆಳಗ್ಗೆ ಹೋಗುವಾಗ ಮಂಡೆ ಒದ್ದೆಯಾಗುತ್ತದೆ" ಅಂತಾರೆ.

ಅಡ್ಯನಡ್ಕ ಗಿಡಪ್ರೇಮಿ
ಅಡಿಕೆ ಸಲಿಕೆಯ (ಅಡಿಕೆ ಮರದ ಸೀಳು) ಒಂದು ಅಡ್ಡೆ ಕಟ್ಟಿ, ದಾರಿ ಬದಿಯ ದಂಟುಗಳನ್ನು ಅದರ ಹಿಂದೆ ಸೇರಿಸಿ. ಅಷ್ಟಕ್ಕೂ ಬಾಗುವ ಒಂದೆರಡನ್ನು ತೆಗೆದರೆ ನಷ್ಟವಿಲ್ಲ.

ಬೆಂಗಳೂರಲ್ಲಿರುವ ಬದಿಯಡ್ಕದವಳು
ಫ್ಲ್ಯಾಟ್ ಬಾಲ್ಕನಿಯಲ್ಲಿ ಆಗುತ್ತದಾ? ಊರಿನ ಮನೆಯಲ್ಲಿ ನೋಡಿ ಆಸೆಯಾಗಿ ಒಂದು ಕುಂಡ ತಂದೆ. ಅಂಗಡಿಯವರು ಬರ್ಡ್ ಆಫ್ ಪ್ಯಾರಡೈಸ್ ಅಂತ ಕೊಟ್ಟರು.

ಮುಳ್ಳೇರಿಯ ಮಾಷ್ಟ್ರು
ಅದು ಬೇರೆ ಗಿಡವಾಗಿರಬಹುದು ಮಗಾ. ಬರ್ಡ್ ಆಫ್ ಪ್ಯಾರಡೈಸ್ ಅಂದರೆ ಸ್ಟ್ರೆಲಿಟ್ಜಿಯ, ದಕ್ಷಿಣ ಆಫ್ರಿಕದ್ದು. ಎಲೆ ದಪ್ಪ, ತೊಗಲಿನ ಹಾಗೆ ಗಟ್ಟಿ. ಹೂವಿನಲ್ಲಿ ಕಿತ್ತಳೆ ಜೊತೆ ನೀಲಿ ಇರುತ್ತದೆ. ಹೆಲಿಕೋನಿಯದ ಹೆಚ್ಚಿನ ಜಾತಿಗಳು ಮಧ್ಯ, ದಕ್ಷಿಣ ಅಮೆರಿಕದವು, ಕೆಲವು ಮಾತ್ರ ಪೆಸಿಫಿಕ್ ದ್ವೀಪಗಳಲ್ಲಿವೆ. ಒಟ್ಟು ಸುಮಾರು 200 ಜಾತಿ. ಬಾಳೆ, ಶುಂಠಿ, ಅರಸಿನ, ಸ್ಟ್ರೆಲಿಟ್ಜಿಯ ಎಲ್ಲವೂ ಇದಕ್ಕೆ ದೂರದ ನೆಂಟರು, ಆದರೆ ಹೆಲಿಕೋನಿಯದ್ದೇ ಒಂದು ಪ್ರತ್ಯೇಕ ಕುಟುಂಬ. ಕೆಲವು ಅಂಗಡಿಯವರು ಎರಡಕ್ಕೂ ಒಂದೇ ಹೆಸರು ಹೇಳಿ ಮಾರುತ್ತಾರೆ.

ಹೊಸೂರು ತೋಟ
ಬಾಲ್ಕನಿಗೆ ಸಿಟ್ಟಕೋರಮ್ ಜಾತಿ ನೋಡಿ. ಗಿಡ್ಡ, ಕಿತ್ತಳೆ ಇಲ್ಲ ಹಳದಿ ಹೂವು, ಮೇಲ್ಮುಖ. 'ಗೋಲ್ಡನ್ ಟಾರ್ಚ್' ಅಂತ ಕೇಳಿದರೆ ಕೊಡುತ್ತಾರೆ, ಅದು ಸಿಟ್ಟಕೋರಮ್ ಮತ್ತು ಇನ್ನೊಂದು ಜಾತಿ ಸೇರಿದ ಮಿಶ್ರತಳಿ. ಅಗಲವಾದ ಕುಂಡ ಬೇಕು, ಆಳ ಅಷ್ಟು ಬೇಡ. ಆದರೆ ಬೆಂಗಳೂರು, ನಮ್ಮ ಹೊಸೂರು ಎರಡೂ ಡಿಸೆಂಬರ್-ಜನವರಿಯಲ್ಲಿ ತಣ್ಣಗೆ. ರಾತ್ರಿ 15 ಡಿಗ್ರಿಗಿಂತ ಕೆಳಗೆ ಹೋದರೆ ಗಿಡ ಬೆಳೆಯುವುದನ್ನೇ ನಿಲ್ಲಿಸುತ್ತದೆ. ಸತ್ತಿತು ಅಂತ ಎಸೆಯಬೇಡಿ, ನೀರು ಕಮ್ಮಿ ಮಾಡಿ, ಮಾರ್ಚ್‌ನಲ್ಲಿ ಎದ್ದು ಬರುತ್ತದೆ. ಸುತ್ತ ಎಲ್ಲರೂ ಗುಲಾಬಿ ಬೆಳೆಯುವ ಊರಲ್ಲಿ ನಾನೊಬ್ಬ ಹೆಲಿಕೋನಿಯ ಇಟ್ಟುಕೊಂಡು ಕೂತಿದ್ದೇನೆ!

ಕುಂಬಳೆ ಕಡಲಬದಿ
ಸಿಟ್ಟಕೋರಮ್ ಹೇಳುವವರು ಇದನ್ನೂ ಹೇಳಬೇಕು. ನೆಲಕ್ಕೆ ಹಾಕಿದರೆ ಅದು ಹರಡುವ ವೇಗ ಸಾಮಾನ್ಯದ್ದಲ್ಲ. ನಮ್ಮದು ಮರಳು ಮಣ್ಣು. ಗೇಟಿನ ಹತ್ತಿರ ನೆಟ್ಟದ್ದು ಈಗ ಪಕ್ಕದ ಮನೆಯವರ ಮಲ್ಲಿಗೆ ಬುಡದಲ್ಲಿ ಎದ್ದಿದೆ. ಅವರು ಒಳ್ಳೆಯವರು, ಜಗಳ ಮಾಡಿಲ್ಲ, ಹೂ ಕಿತ್ತುಕೊಳ್ಳುತ್ತಾರೆ ಅಷ್ಟೇ. ಬಾವಿಗೆ ಹಾಕುವ ಸಿಮೆಂಟ್ ರಿಂಗ್ ಒಂದನ್ನು ನೆಲದಲ್ಲಿ ಹೂತು, ಅದರೊಳಗೆ ನೆಡಿ. ತಳ ತೆರೆದೇ ಇರಲಿ, ನೀರು ಇಳಿಯಬೇಕು.

ನೀರ್ಚಾಲು ಅಕ್ಕ
ಇದೆಲ್ಲ ಸರಿ, ಸೊಳ್ಳೆ ವಿಷಯ ಯಾರಾದರೂ ಹೇಳುತ್ತೀರಾ? ಕಳೆದ ಮಳೆಗಾಲ ಆಶಾ ಕಾರ್ಯಕರ್ತೆ ಬಂದವಳು ರಬ್ಬರ್ ಚಿಪ್ಪು ನೋಡಿದಳು, ಅಡಿಕೆ ಹಾಳೆ ನೋಡಿದಳು, ಆಮೇಲೆ ಸೀದಾ ನನ್ನ ಹೆಲಿಕೋನಿಯದ ಹತ್ತಿರ ಹೋಗಿ ಹೂವನ್ನೇ ಬಗ್ಗಿಸಿ ಅಂಗೈಗೆ ನೀರು ಸುರಿದುಕೊಂಡಳು. ಒಳಗೆ ಹುಳ ಕುಣಿಯುತ್ತಿತ್ತು! ನನಗೆ ನಾಚಿಕೆಯಾಯಿತು.

ಅಡ್ಯನಡ್ಕ ಗಿಡಪ್ರೇಮಿ
ನಿಮ್ಮದು ಮೇಲ್ಮುಖ ಹೂವಿನ ಜಾತಿ ಇರಬೇಕು, ಬಿಹಾಯಿ ಅಥವಾ ಕರಿಬೇಯ. ಬಣ್ಣ ಇರುವ ಆ ದೋಣಿಯಂಥ ಭಾಗ ಹೂವಲ್ಲ, ಒಂದು ರೀತಿಯ ಎಲೆ. ನಿಜವಾದ ಹೂವು ಸಣ್ಣದು, ಅದರೊಳಗೆ ಅಡಗಿರುತ್ತದೆ. ಮೇಲ್ಮುಖ ಜಾತಿಗಳಲ್ಲಿ ಅದರೊಳಗೆ ನೀರು ನಿಲ್ಲುತ್ತದೆ, ಕಾಡಿನಲ್ಲಿ ಎಷ್ಟೋ ಹುಳಹುಪ್ಪಟೆ ಅದರೊಳಗೇ ಸಂಸಾರ ಮಾಡುತ್ತವೆ. ರೋಸ್ಟ್ರಾಟ ಕೆಳಮುಖ, ಅದರಲ್ಲಿ ಈ ತೊಂದರೆ ಇಲ್ಲವೆನ್ನುವಷ್ಟು ಕಮ್ಮಿ.

ಬಾಯಾರು ಭಟ್ಟ
ಹೂವಿನಲ್ಲಿ ನಿಲ್ಲುವುದು ಎರಡು ಚಮಚ ನೀರು. ತೋಟದಲ್ಲಿ ಬಿದ್ದಿರುವ ಹಾಳೆಗಳ ಲೆಕ್ಕ ಯಾರು ಇಡುತ್ತಾರೆ? ಅದನ್ನು ಬಿಟ್ಟು ಹೂವಿನ ಮೇಲೆ ಆರೋಪ.

ನೀರ್ಚಾಲು ಅಕ್ಕ
ಎರಡು ಚಮಚ ಸಾಕು ಭಟ್ರೇ. ಡೆಂಗಿ ಸೊಳ್ಳೆಗೆ ಕೆರೆ ಬೇಕಾ? ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ. ಅದಕ್ಕೇ ವಾರಕ್ಕೊಮ್ಮೆ ಡ್ರೈ ಡೇ ಮಾಡಿ, ನಿಂತ ನೀರೆಲ್ಲ ಚೆಲ್ಲಿ ಅನ್ನುವುದು. ಈಗ ನಾನು ಭಾನುವಾರ ಒಂದೊಂದು ಹೂವನ್ನೂ ಬಗ್ಗಿಸಿ ಚೆಲ್ಲುತ್ತೇನೆ. ಹಾಳೆಯನ್ನೂ ಕವುಚಿ ಹಾಕುತ್ತೇನೆ. ಎರಡೂ ಮಾಡಿದರೆ ಯಾರ ಗಂಟೂ ಹೋಗುವುದಿಲ್ಲ.

ಕುಂಬಳೆ ಕಡಲಬದಿ
ಸೊಳ್ಳೆ ಬಂತು, ಇನ್ನು ಹಾವು ಬರಬೇಕಷ್ಟೇ. ನಮ್ಮ ಅಮ್ಮ ಈ ಗಿಡ ನೋಡಿದರೆ ಸಾಕು, ಹಾವಿನ ಮನೆ ಅಂತಾರೆ.

ದೇಲಂಪಾಡಿ
ಹಾವು ಗಿಡಕ್ಕೆ ಬರುವುದಲ್ಲ. ಬುಡ ತಂಪು, ಒಣ ಎಲೆ ರಾಶಿ, ಕಪ್ಪೆ, ಇಲಿ. ಅದಕ್ಕೆ ಬರುತ್ತದೆ. ಒಣಗಿದ ದಂಟು ಆಗಾಗ ತೆಗೆದು ಬುಡಕ್ಕೆ ಬೆಳಕು ಬೀಳುವ ಹಾಗೆ ಇಟ್ಟರೆ ಅಷ್ಟು ಹೆದರಬೇಕಿಲ್ಲ. ಮಕ್ಕಳು ಆಡುವ ಅಂಗಳದ ಅಂಚಿಗೆ, ಬಾಗಿಲ ಪಕ್ಕಕ್ಕೆ ಮಾತ್ರ ನೆಡಬೇಡಿ. ಇದು ನನ್ನ ಅಭಿಪ್ರಾಯ. ಕಡಿಯುವಾಗ ಕೈ ಹಾಕುವ ಮೊದಲು ಒಂದು ಕೋಲಿನಿಂದ ತಟ್ಟಿ.

ನಮಗೆ ಹಾವಿಗಿಂತ ಹಂದಿಯ ಕಾಟ. ಬುಡಕ್ಕೆ ದಪ್ಪ ಸೊಪ್ಪು ಹಾಕಿ ಅಂತ ಮಾಷ್ಟ್ರು ಹೇಳಿದರು. ಸೊಪ್ಪಿನಡಿ ಎರೆಹುಳ ಆಗುತ್ತದೆ, ಎರೆಹುಳಕ್ಕೆ ಕಾಡುಹಂದಿ ಬರುತ್ತದೆ, ರಾತ್ರಿ ಬೆಳಗಾಗುವುದರೊಳಗೆ ಗೆಡ್ಡೆ ಸಮೇತ ಮಗುಚಿ ಹಾಕಿರುತ್ತದೆ. ಕಾಡಿನ ಬದಿಯವರಿಗೆ ಸೊಪ್ಪು ಕಷ್ಟ ಮಾಷ್ಟ್ರೇ.

ಮುಳ್ಳೇರಿಯ ಮಾಷ್ಟ್ರು
ಅದು ನಿಜ. ನಿಮ್ಮಲ್ಲಿ ತೆಂಗಿನ ಮಡಲನ್ನು ಅಡ್ಡಡ್ಡ ಹಾಸಿ ಮೇಲೆ ಕಲ್ಲು ಇಟ್ಟು ನೋಡಿ. ಪೂರ್ತಿ ತಡೆಯದು, ಸ್ವಲ್ಪ ಕಷ್ಟ ಕೊಡುತ್ತದೆ.

ಹೊಸಬ ಒಬ್ಬ
ನನ್ನದರಲ್ಲಿ ಎಲೆ ತುಂಬ ತೂತು. ಮಿಡತೆ, ಬಸವನಹುಳ ಎರಡೂ ಇವೆ. ಯಾವುದಾದರೂ ಸ್ಟ್ರಾಂಗ್ ಮದ್ದು ಹೇಳಿ, ಒಂದೇ ಸಲಕ್ಕೆ ಹೋಗಬೇಕು.

ಪೆರ್ಲದ ಅಂಗಳ
ತಮ್ಮಾ, ನೀವು ಯಾವ ಊರಿನವರೋ ಗೊತ್ತಿಲ್ಲ. ನಾವು ಎಣ್ಮಕಜೆ ಪಂಚಾಯತಿನವರು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ಜಾಗ ಇದು. 2000ದಲ್ಲಿ ಸಿಂಪಡಣೆ ನಿಂತಿತು, 2011ರಲ್ಲಿ ಸುಪ್ರೀಂ ಕೋರ್ಟ್ ದೇಶಕ್ಕೇ ನಿಷೇಧ ಹಾಕಿತು. ಮನೆಯೊಳಗೆ ಮಲಗಿದಲ್ಲೇ ಇರುವ ಮಕ್ಕಳನ್ನು ನೋಡಿ ಬೆಳೆದವರಿಗೆ 'ಸ್ಟ್ರಾಂಗ್ ಮದ್ದು' ಅಂದರೆ ಹೊಟ್ಟೆ ತೊಳೆಸುತ್ತದೆ. ಅಲಂಕಾರದ ಗಿಡದ ಎಲೆಯಲ್ಲಿ ನಾಲ್ಕು ತೂತಿದ್ದರೆ ಇರಲಿ ಬಿಡಿ.

ಹೊಸಬ ಒಬ್ಬ
ಕ್ಷಮಿಸಿ ಅಕ್ಕ. ನಾನು ಶಿವಮೊಗ್ಗ ಕಡೆಯವ, ಆ ಅರ್ಥದಲ್ಲಿ ಹೇಳಲಿಲ್ಲ.

ದೇಲಂಪಾಡಿ
ಬಸವನಹುಳಕ್ಕೆ ರಾತ್ರಿ ಟಾರ್ಚ್ ಹಿಡಿದು ಹೆಕ್ಕಿ ಉಪ್ಪುನೀರಿನ ಬಕೆಟಿಗೆ ಹಾಕಿ. ಕೈಗೆ ಪ್ಲಾಸ್ಟಿಕ್ ಕಟ್ಟಿಕೊಳ್ಳಿ. ಕೊಳೆತ ಪಪ್ಪಾಯಿ ಒಂದು ಗೋಣಿಯಡಿ ಇಟ್ಟರೆ ಎಲ್ಲ ಅಲ್ಲೇ ಬಂದು ಸೇರುತ್ತವೆ.

ಬಾಯಾರು ಭಟ್ಟ
ಮದ್ದು ಅಂದ ಕೂಡಲೇ ನೆನಪಾಯಿತು. ಅಡಿಕೆಗೆ ಕೊಳೆರೋಗದ ಮದ್ದು ಬಿಡುವಾಗ ಬೋರ್ಡೋ ಕೆಳಗೆ ಬಿದ್ದು ಹೆಲಿಕೋನಿಯ ಎಲೆಯೆಲ್ಲ ನೀಲಿ ಚುಕ್ಕಿ. ನೆಂಟರು ಬಂದು ಇದು ಯಾವ ಹೊಸ ತಳಿ ಅಂತ ಕೇಳಿದ್ದರು. ಗಿಡಕ್ಕೇನೂ ಆಗಿಲ್ಲ. ಗೆಡ್ಡೆ ನೆಡುವ ಮೊದಲು ಅದೇ ದ್ರಾವಣದಲ್ಲಿ ಅದ್ದಿ ನೆಡುತ್ತೇನೆ, ಕೊಳೆಯುವುದು ಕಮ್ಮಿ. ನೂರು ಲೀಟರಿಗೆ ಒಂದು ಕೆಜಿ ಮೈಲುತುತ್ತು, ಒಂದು ಕೆಜಿ ಸುಣ್ಣ, ಎಲ್ಲರಿಗೂ ಗೊತ್ತಿರುವ ಲೆಕ್ಕವೇ.

ಹೊಸಬ ಒಬ್ಬ
ಗೆಡ್ಡೆ ಯಾವಾಗ ನೆಡುವುದು? ಮಳೆ ಶುರುವಾಗುವಾಗಲಾ?

ಬಾಯಾರು ಭಟ್ಟ
ಮೇ ಕೊನೆಗೆ, ಒಂದೆರಡು ಮಳೆ ಬಿದ್ದ ಮೇಲೆ. ಜುಲೈಯ ಜಡಿಮಳೆಯಲ್ಲಿ ನೆಟ್ಟರೆ ಕೊಳೆಯುತ್ತದೆ. ಗುಂಡಿ ತೋಡಿ ಇಳಿಸಬೇಡಿ, ಮಣ್ಣು ಏರಿಸಿ ದಿಬ್ಬ ಮಾಡಿ ಅದರ ಮೇಲೆ ನೆಡಿ.

ಕುಂಬಳೆ ಕಡಲಬದಿ
ಮರಳಿಗೆ ದಿಬ್ಬ ಬೇಡ. ನಮ್ಮಲ್ಲಿ ನೀರು ನಿಲ್ಲುವುದೇ ಇಲ್ಲ.

ಅಡ್ಯನಡ್ಕ ಗಿಡಪ್ರೇಮಿ
ದಂಟನ್ನು ಒಂದು ಗೇಣು ಬಿಟ್ಟು ಮೇಲಿನದ್ದು ಕತ್ತರಿಸಿ. ಗೆಡ್ಡೆ ನಾಲ್ಕು ಇಂಚು ಆಳಕ್ಕೆ ಹೋದರೆ ಸಾಕು. ಹಳೇ ದಂಟು ಒಣಗುತ್ತದೆ, ಅದಕ್ಕೆ ಗಾಬರಿ ಬೇಡ, ಪಕ್ಕದ ಮೊಗ್ಗಿನಿಂದ ಹೊಸದು ಬರುತ್ತದೆ. ರೋಸ್ಟ್ರಾಟ ನೆಟ್ಟ ವರ್ಷವೇ ಹೂ ನಿರೀಕ್ಷೆ ಮಾಡಬೇಡಿ. ಸಿಟ್ಟಕೋರಮ್ ಆದರೆ ಬೇಗ ಬಿಡುತ್ತದೆ.

ಬೆಂಗಳೂರಲ್ಲಿರುವ ಬದಿಯಡ್ಕದವಳು
ಊರಲ್ಲಿ ಸೂರಕ್ಕಿ ಈ ಹೂವಿಗೆ ಬರುವುದನ್ನು ನೋಡುತ್ತಾ ಕೂರುವುದೇ ಚೆಂದ. ತಲೆಕೆಳಗಾಗಿ ನೇತುಬಿದ್ದು ಒಂದೊಂದೇ ದೋಣಿಗೆ ಕೊಕ್ಕು ಹಾಕಿ ಹೋಗುತ್ತದೆ.

ಮುಳ್ಳೇರಿಯ ಮಾಷ್ಟ್ರು
ಅದರ ಮೂಲದ ಊರಿನಲ್ಲಿ ಈ ಕೆಲಸ ಮಾಡುವುದು ಹಮ್ಮಿಂಗ್‌ಬರ್ಡ್. ಕೆರಿಬಿಯನ್ ದ್ವೀಪಗಳಲ್ಲಿ ಒಂದು ಚೋದ್ಯ ಇದೆ. ಸೇಂಟ್ ಲೂಸಿಯದಲ್ಲಿ ಒಂದೇ ಜಾತಿಯ ಹಮ್ಮಿಂಗ್‌ಬರ್ಡಿನ ಗಂಡಿಗೆ ಗಿಡ್ಡ ಕೊಕ್ಕು, ಹೆಣ್ಣಿಗೆ ಉದ್ದನೆಯ, ಹೆಚ್ಚು ಬಾಗಿದ ಕೊಕ್ಕು. ಗಂಡು ಹೆಚ್ಚಾಗಿ ಹೋಗುವುದು ಕರಿಬೇಯ ಹೆಲಿಕೋನಿಯಕ್ಕೆ, ಹೆಣ್ಣು ಬಿಹಾಯಿಗೆ. ಆಯಾ ಹೂವಿನ ಆಕಾರಕ್ಕೆ ಆಯಾ ಕೊಕ್ಕು ಹೊಂದುತ್ತದೆ. ಗಂಡ ಹೆಂಡತಿಗೆ ಬೇರೆ ಬೇರೆ ಹೋಟೆಲು.

ಸುಮ್ನೆ ಓದುವವ
ನಮ್ಮ ಮನೆಯಲ್ಲೂ ಅದೇ ವ್ಯವಸ್ಥೆ ಮಾಡಬೇಕು ಅಂತಿದ್ದೇನೆ.

ನೀರ್ಚಾಲು ಅಕ್ಕ
ಈ ಎಲೆಯಲ್ಲಿ ಹಲಸಿನ ಹಣ್ಣಿನ ಕೊಟ್ಟಿಗೆ (ಎಲೆಯಲ್ಲಿ ಮಡಚಿ ಬೇಯಿಸುವ ಕಡುಬು) ಮಾಡಬಹುದಾ? ಬಾಳೆ ಎಲೆ ಗಾಳಿಗೆ ಸೀಳಿ ಹೋಗಿರುತ್ತದೆ. ಇದು ಸರಿಯಾದ ಅಗಲ, ಬಾಡಿಸಿದರೆ ಚೆನ್ನಾಗಿ ಮಡಚುತ್ತದೆ ಅನಿಸುತ್ತದೆ.

ಬಾಯಾರು ಭಟ್ಟ
ಬೇಡ ಮಾರಾಯ್ತಿ! ಬಾಳೆ ಎಲೆಯ ಪರಿಮಳವೇ ಇಲ್ಲದೆ ಕೊಟ್ಟಿಗೆ ಯಾಕೆ? ಅರಸಿನ ಎಲೆ ಇದೆ, ಸಾಗುವಾನಿ ಎಲೆ ಇದೆ.

ಮುಳ್ಳೇರಿಯ ಮಾಷ್ಟ್ರು
ದಕ್ಷಿಣ ಅಮೆರಿಕದ ಕಡೆ ಕೆಲವು ಹೆಲಿಕೋನಿಯ ಎಲೆಯಲ್ಲಿ ಅಡುಗೆ ಸುತ್ತುವುದುಂಟು. ಆದರೆ ನಿಮ್ಮ ಗಿಡ ಯಾವ ಜಾತಿ, ನರ್ಸರಿಯಲ್ಲಿ ಏನೇನು ಸಿಂಪಡಿಸಿದ್ದಾರೆ ಗೊತ್ತಿಲ್ಲವಲ್ಲ. ಅಕ್ಕ, ಬಾಳೆ ಎಲೆಯೇ ಆಗಲಿ.

ಮಂಜೇಶ್ವರ ಮಂಟಪದವ
ಅಡುಗೆ ಬಿಡಿ, ಹೂವಿನ ವಿಷಯಕ್ಕೆ ಬನ್ನಿ. ನಾನು ಮದುವೆ ಮಂಟಪ ಅಲಂಕಾರ ಮಾಡುವವ. ಮನೆಯಲ್ಲಿ ಹೆಲಿಕೋನಿಯ ಇರುವವರು ನಮಗೆ ಬೇಕು. ಸೇವಂತಿಗೆ ಬಾಡಿದರೂ ಇದು ಒಂದು ವಾರ, ಕೆಲವೊಮ್ಮೆ ಹೆಚ್ಚೂ ನಿಲ್ಲುತ್ತದೆ. ಆದರೆ ಕೊಡುವವರು ಎರಡು ತಪ್ಪು ಮಾಡುತ್ತಾರೆ. ಮೊಗ್ಗು ಕಡಿದು ತರುತ್ತಾರೆ, ನೀರಿನಲ್ಲಿ ಅರಳುತ್ತದೆ ಅಂದುಕೊಂಡು. ಇದು ಗುಲಾಬಿಯಲ್ಲ. ಕಡಿದ ಮೇಲೆ ಹೆಚ್ಚು ಅರಳುವುದಿಲ್ಲ, ಗಿಡದಲ್ಲೇ ಬೇಕಾದಷ್ಟು ಅರಳಿದ ಮೇಲೆ ಕಡಿಯಬೇಕು. ಇನ್ನೊಂದು, ಫ್ರಿಜ್ಜಿನಲ್ಲಿ ಇಡುತ್ತಾರೆ. ಬಿಸಿ ಊರಿನ ಹೂವು, ಆ ಚಳಿಗೆ ಕಪ್ಪಾಗುತ್ತದೆ.

ಬೆಳಗ್ಗೆ ಬೇಗ ಕಡಿಯಿರಿ. ಬಕೆಟ್ ನೀರಿನಲ್ಲಿ ಹೂವನ್ನು ಅದ್ದಿ ತೆಗೆಯಿರಿ, ಇಲ್ಲದಿದ್ದರೆ ಮದುಮಗಳ ಸೀರೆಗೆ ಇರುವೆ ಹತ್ತುತ್ತದೆ. ಇದು ಆಗಿದ್ದುಂಟು, ಜಾಸ್ತಿ ಹೇಳುವುದಿಲ್ಲ.

ಪೆರ್ಲದ ಅಂಗಳ
ಹೂವಿಗೆ ದುಡ್ಡು ಸಿಗುತ್ತದೆ ಅಂತ ಅತ್ತೆಗೆ ಓದಿ ಹೇಳಿದೆ. ಕದಳಿಯ ಮಾತು ಸದ್ಯಕ್ಕೆ ನಿಂತಿದೆ. ದಂಟಿಗೆ ಎಷ್ಟು ಕೊಡುತ್ತಾರೆ ಅಂತ ಕೇಳು ಅಂದರು!

ಮಂಜೇಶ್ವರ ಮಂಟಪದವ
ಸೀಸನ್ ನೋಡಿ ಅಕ್ಕ. ಇಲ್ಲಿ ಎಲ್ಲರೆದುರು ರೇಟು ಹೇಳಿದರೆ ಉಳಿದವರು ನನ್ನನ್ನು ಬಿಡುವುದಿಲ್ಲ. ಮೊದಲು ಹೂ ಬರಲಿ. ಮಂಗಳೂರಿನ ಅಂಗಡಿಗಳೂ ತೆಗೆದುಕೊಳ್ಳುತ್ತವೆ, ಆದರೆ ಒಂದೇ ಉದ್ದದ ದಂಟು ಕಟ್ಟು ಕಟ್ಟಾಗಿ ಬೇಕು ಅವರಿಗೆ. ಮನೆ ಹಿತ್ತಲಿನ ಒಂದು ಹಿಂಡಿನಿಂದ ಅದು ಆಗುವುದಲ್ಲ. ಕುಡುಂಬಶ್ರೀಯ (ಕೇರಳದ ಮಹಿಳಾ ಸ್ವಸಹಾಯ ಸಂಘ) ಹೆಂಗಸರು ನಾಲ್ಕೈದು ಮನೆ ಸೇರಿಸಿ ಕೊಟ್ಟರೆ ಆಗಬಹುದು.

ದೇಲಂಪಾಡಿ
ತೆಂಗಿನ ತೋಟದ ಎಡೆಯಲ್ಲಿ ಹಾಕಬಹುದು, ಮರ ಎತ್ತರ ಹೋಗಿ ಬೆಳಕು ಇಳಿಯುವ ಕಡೆ. ಅಡಿಕೆಯ ಎಡೆಯಲ್ಲಿ ಕತ್ತಲೆ. ಅಡಿಕೆಗೆ ರೇಟಿರುವಾಗ ಯಾರೂ ಇದನ್ನು ಕೇಳುವುದಿಲ್ಲ, ರೇಟು ಬಿದ್ದ ದಿನ ಎಲ್ಲರಿಗೂ ಹೂವಿನ ನೆನಪು.

ಬಾಯಾರು ಭಟ್ಟ
ಅಡಿಕೆ ರೇಟಿನ ವಿಷಯ ತೆಗೆಯಬೇಡಿ, ಇದು ಮುಗಿಯುವುದಿಲ್ಲ ಮತ್ತೆ.

ಹೊಸಬ ಒಬ್ಬ
ಯಾರಾದರೂ ರೋಸ್ಟ್ರಾಟ ಗೆಡ್ಡೆ ಕೊಡುತ್ತೀರಾ? ಬಸ್ ಪಾರ್ಸೆಲ್‌ನಲ್ಲಿ ಕಳಿಸಿದರೆ ಉಳಿಯುತ್ತದಾ?

ಅಡ್ಯನಡ್ಕ ಗಿಡಪ್ರೇಮಿ
ನಾನು ಕೊಡುತ್ತೇನೆ, ಮೇ ತಿಂಗಳಿಗೆ ನೆನಪಿಸಿ. ಮಣ್ಣು ತೊಳೆದು, ಒಂದು ದಿನ ನೆರಳಿನಲ್ಲಿ ಆರಿಸಿ, ಪೇಪರಿನಲ್ಲಿ ಸುತ್ತಿ ಕಳಿಸುತ್ತೇನೆ. ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದರೆ ಬೆವತು ಕೊಳೆಯುತ್ತದೆ. ಬಂದ ಕೂಡಲೇ ಬಿಚ್ಚಿ, ಮೆತ್ತಗಾದ ಭಾಗ ಇದ್ದರೆ ಕೆತ್ತಿ ತೆಗೆದು ನೆಡಿ.

ನೀರ್ಚಾಲು ಅಕ್ಕ
ನನಗೂ ಒಂದು ತುಂಡು ಇಡಿ ಅಣ್ಣ. ಕೆಳಮುಖದ್ದೇ ಬೇಕು, ನೀರು ಚೆಲ್ಲುವ ಕೆಲಸ ತಪ್ಪುತ್ತದೆ.